ಹವಳದ ಮೇಲೆ ಹಗುರ ಗಾಳ ಬೇಡ

ತೆಳ್ಳಗಿನ ದಾರದಲ್ಲಿ ದೊಡ್ಡ ಮೀನು ಹಿಡಿದವನೇ ನಿಜವಾದ ಆಟಗಾರ ಎಂಬ ಮಾತು ಗಾಳ ಹಾಕುವವರ ನಡುವೆ ಬಹಳ ಹಿಂದಿನಿಂದ ಇದೆ. ಕೆರೆಯಲ್ಲಿ, ಹೊಳೆಯಲ್ಲಿ, ಆಳ ಸಮುದ್ರದಲ್ಲಿ ಆ ಮಾತಿಗೆ ಒಂದಿಷ್ಟು ಅರ್ಥ ಇರಬಹುದು. ಆದರೆ ಎರಡು ಮೂರು ಮೀಟರ್ ನೀರಿನ ಕೆಳಗೆ ಹವಳ ಹರಡಿಕೊಂಡಿರುವ ಜಾಗದಲ್ಲಿ ಜೈಂಟ್ ಟ್ರೆವಲಿಗೆ ಗಾಳ ಹಾಕುವಾಗ ಅದು ಆಟವೂ ಅಲ್ಲ, ಶೌರ್ಯವೂ ಅಲ್ಲ. ಮೀನಿನ ಬಾಯಲ್ಲಿ ಉಕ್ಕು ಬಿಟ್ಟು ಬರುವ ಕೆಲಸ ಅಷ್ಟೇ.

ಬಿ.ಕಾಂ. ಮುಗಿಸಿದ ನಾನು ಅಂಡಮಾನಿನಲ್ಲಿ ಗಾಳದ ಪ್ರವಾಸಿಗರನ್ನು ಕರೆದೊಯ್ಯುವ ಬೋಟೊಂದರಲ್ಲಿ ಮೂರು ಹಂಗಾಮು ಸಹಾಯಕನಾಗಿ ದುಡಿದಿದ್ದೇನೆ. ಗಂಟು ಹಾಕುವುದು, ಗಾಳ ಬದಲಿಸುವುದು, ಮೀನು ಬಿಡಿಸಿ ನೀರಿಗೆ ಬಿಡುವುದು ನನ್ನ ಕೆಲಸ. ಹೀಗಾಗಿ ಕುಂದಾಪುರದ ಕಡೆಯ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ಪ್ರಶ್ನೆ ಮಾತ್ರ ಒಂದೇ: "ಅಣ್ಣಾ, ಮೊದ್ಲ್ ಸಂಬ್ಳ ಬಂತ್. ಯಾವ್ ರೀಲ್ ತಕಂಬುದ್?"

ಪ್ರಶ್ನೆ ಸರಿಯಾದದ್ದೇ, ಆದರೆ ಬಾಲದಿಂದ ಶುರುವಾಗಿದೆ. ರೀಲ್ ವಿಷಯ ಕೊನೆಗೆ. ಮೊದಲು ಮೀನು ಯಾವುದು, ಅದು ಎಲ್ಲಿರುತ್ತದೆ, ಗಾಳ ಕಚ್ಚಿದ ಮೇಲೆ ಏನು ಮಾಡುತ್ತದೆ ಎಂಬುದು ಗೊತ್ತಾಗಬೇಕು.

ಜೈಂಟ್ ಟ್ರೆವಲಿಯನ್ನು ಗಾಳದವರು ಚಿಕ್ಕದಾಗಿ 'ಜಿಟಿ' ಎನ್ನುತ್ತಾರೆ. ವೈಜ್ಞಾನಿಕ ಹೆಸರು ಕ್ಯಾರಾಂಕ್ಸ್ ಇಗ್ನೊಬಿಲಿಸ್. ನಮ್ಮ ಕರಾವಳಿಯ ಮಾರುಕಟ್ಟೆಯಲ್ಲಿ ಕೊಕ್ಕರ್ ಎಂದು ಮಾರುತ್ತಾರಲ್ಲ, ಆ ಬಳಗದ ದೈತ್ಯ ಇದು. ಮರಿಗಳು ಅಳಿವೆಯ ಉಪ್ಪು–ಸಿಹಿ ಬೆರೆತ ನೀರಿನಲ್ಲೂ ಬೆಳೆಯುತ್ತವೆ. ದೊಡ್ಡದಾದಂತೆ ಹವಳದ ದಿಬ್ಬಗಳ ಕಡೆ ಹೋಗುತ್ತವೆ. ಮೊಟ್ಟೆ ಇಡುವ ವಯಸ್ಸಿಗೆ ಬರಬೇಕಾದರೆ ಮೀನು ಸುಮಾರು 60 ಸೆಂ.ಮೀ. ಉದ್ದ ಬೆಳೆಯಬೇಕು. 2006ರಲ್ಲಿ ಜಪಾನಿನಲ್ಲಿ ಗಾಳಕ್ಕೆ ಸಿಕ್ಕ 72.8 ಕೆ.ಜಿ. ತೂಕದ ಜಿಟಿ ವಿಶ್ವ ದಾಖಲೆಯ ಪುಸ್ತಕದಲ್ಲಿದೆ. 2017ರಲ್ಲಿ ಬಂದ ಬಿಬಿಸಿಯ 'ಬ್ಲೂ ಪ್ಲಾನೆಟ್ 2' ಸರಣಿ ನೋಡಿದವರಿಗೆ ಇದರ ಪರಿಚಯ ಬೇಕಿಲ್ಲ. ಸೇಶೆಲ್ಸ್ ದ್ವೀಪಗಳಲ್ಲಿ ನೀರಿಂದ ಮೇಲಕ್ಕೆ ಹಾರಿ ಕಡಲಹಕ್ಕಿಗಳನ್ನು ನುಂಗಿದ ಮೀನು ಇದೇ.

ಅಂಡಮಾನಿನ ಅನೇಕ ದ್ವೀಪಗಳ ಸುತ್ತ ಹವಳದ ದಿಬ್ಬವಿದೆ. ದಿಬ್ಬದ ಮೇಲೆ ನೀರು ಎರಡು ಮೂರು ಮೀಟರ್, ಅಂಚು ದಾಟಿದರೆ ಒಮ್ಮೆಲೇ ಇಪ್ಪತ್ತು ಮೂವತ್ತು ಮೀಟರ್. ಇಳಿತ ಶುರುವಾದಾಗ ದಿಬ್ಬದ ಮೇಲಿನ ಸಣ್ಣ ಮೀನುಗಳು ನೀರಿನ ಜೊತೆ ಅಂಚಿನ ಕಡೆ ಸರಿಯುತ್ತವೆ. ಜಿಟಿ ಅಲ್ಲಿ ಕಾದು ನಿಂತಿರುತ್ತದೆ. ನಮ್ಮ ಹುಸಿಮೀನು ಅದರ ಮೇಲೆ ಹಾದುಹೋದಾಗ ಕಚ್ಚುತ್ತದೆ, ತಿರುಗುತ್ತದೆ, ತನಗೆ ಚೆನ್ನಾಗಿ ಗೊತ್ತಿರುವ ಹವಳದ ಗುಡ್ಡೆಯ ಸಂದಿಗೆ ನುಗ್ಗುತ್ತದೆ. ಇಷ್ಟೂ ಆಗಲು ನಾಲ್ಕೈದು ಸೆಕೆಂಡು ಸಾಕು. ಆ ಹೊತ್ತಿನಲ್ಲಿ ಅದನ್ನು ತಡೆದರೆ ಮೀನು ನಿಮ್ಮದು. ಬಿಗಿದ ದಾರ ಹವಳಕ್ಕೆ ತಾಗಿತೋ, ಬ್ಲೇಡಿಗೆ ತಾಗಿದ ಹಾಗೆ. ಆಳ ಸಮುದ್ರದಲ್ಲಿ ಮೀನು ನೂರು ಮೀಟರ್ ಓಡಲಿ ಎಂದು ಬಿಡಬಹುದು, ಇಲ್ಲಿ ಹತ್ತು ಮೀಟರ್ ಬಿಟ್ಟರೂ ಹೆಚ್ಚು.

ದಾರ ತುಂಡಾದರೆ ನಮಗೆ ಹೋಗುವುದು ಕೆಲವು ಸಾವಿರ ರೂಪಾಯಿ. ಮೀನಿಗೆ? ಒಂದಡಿ ಉದ್ದದ ಹುಸಿಮೀನು, ಅದಕ್ಕೆ ಎರಡು ದಪ್ಪ ಗಾಳ, ಹಿಂದೆ ಎರಡು ಮೀಟರ್ ನೈಲಾನ್. ಆ ನೈಲಾನ್ ಹವಳದ ಕೊಂಬೆಗೆ ಸುತ್ತಿಕೊಂಡರೆ ಮೀನು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. "ಗಾಳ ತುಕ್ಕು ಹಿಡಿದು ತಾನಾಗಿ ಉದುರುತ್ತೆ ಬಿಡಿ" ಎನ್ನುವವರು ಬೋಟಿನಲ್ಲಿ ಯಾವಾಗಲೂ ಒಬ್ಬರಿರುತ್ತಾರೆ. ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯಬಾರದು ಎಂದೇ ಲೇಪ ಹಚ್ಚಿ ಮಾಡಿದ ಗಾಳ ಅದು. ಅದೇ ಕಾರಣಕ್ಕೆ ಅದಕ್ಕೆ ಹೆಚ್ಚು ದುಡ್ಡು ಕೊಟ್ಟು ತಂದಿರುತ್ತೀರಿ.

ಆದ್ದರಿಂದ ಸಲಕರಣೆ ಆರಿಸುವಾಗ ಮೊದಲು ಕೇಳಬೇಕಾದ್ದು ಕಂಪನಿಯ ಹೆಸರಲ್ಲ, ಎಷ್ಟು ಕೆ.ಜಿ. ಬಲದಿಂದ ಮೀನನ್ನು ತಡೆಯಬೇಕು ಎಂಬುದು. ರೀಲ್‌ನಲ್ಲಿ ಡ್ರ್ಯಾಗ್ ಎಂಬ ಬ್ರೇಕ್ ಇರುತ್ತದೆ. ಮೀನು ಆ ಬಲಕ್ಕಿಂತ ಜೋರಾಗಿ ಎಳೆದರೆ ಮಾತ್ರ ದಾರ ಬಿಡುತ್ತದೆ. ಹವಳದ ಮೇಲೆ ಅನುಭವಿಗಳು ಅದನ್ನು 12ರಿಂದ 15 ಕೆ.ಜಿ.ವರೆಗೆ ಬಿಗಿ ಮಾಡುತ್ತಾರೆ. ಹೊಸಬರು 10ರಿಂದ ಶುರು ಮಾಡಬಹುದು. ಖಾಲಿ ಗ್ಯಾಸ್ ಸಿಲಿಂಡರ್ ಎತ್ತಿ ಮೆಟ್ಟಿಲು ಇಳಿದವರಿಗೆ 15 ಕೆ.ಜಿ. ಎಂದರೇನು ಅಂತ ಗೊತ್ತು. ಆದರೆ ರಾಡ್‌ನ ತುದಿಯಲ್ಲಿ ಅದೇ ಸಿಲಿಂಡರ್ ನೇತಾಡಿದರೆ ಕಥೆಯೇ ಬೇರೆ.

ಪಿಯುಸಿಯಲ್ಲಿ ಓದಿದ ಸನ್ನೆಯ ನಿಯಮ ನೆನಪಿಸಿಕೊಳ್ಳಿ. ರಾಡ್‌ನ ಬುಡ ನಿಮ್ಮ ಸೊಂಟದ ಪಟ್ಟಿಯಲ್ಲಿದೆ, ಮುಂದಿನ ಕೈ ಅಲ್ಲಿಂದ 60 ಸೆಂ.ಮೀ. ದೂರದಲ್ಲಿದೆ, ಬಾಗಿದ ರಾಡ್‌ನ ತುದಿ 150 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳೋಣ. ಮೀನು 12 ಕೆ.ಜಿ. ಬಲದಿಂದ ಎಳೆದರೆ ನಿಮ್ಮ ಮುಂಗೈ ಹೊರುವುದು 30 ಕೆ.ಜಿ. ರಾಡ್ ಉದ್ದವಾದಷ್ಟೂ ಈ ಹೊರೆ ಹೆಚ್ಚು. ಹಾಗಂತ ತೀರ ಗಿಡ್ಡ ರಾಡ್ ಹಿಡಿದರೆ ಹುಸಿಮೀನನ್ನು ದೂರ ಎಸೆಯಲು ಆಗುವುದಿಲ್ಲ. ಬೋಟ್ ದಿಬ್ಬಕ್ಕೆ ತೀರ ಹತ್ತಿರ ಹೋದರೆ ಮೀನು ಬೆದರುತ್ತದೆ, ಬೋಟಿನ ತಳವೂ ಹವಳಕ್ಕೆ ಉಜ್ಜುತ್ತದೆ. ಜಿಟಿ ರಾಡ್‌ಗಳು ಹೆಚ್ಚಾಗಿ ಏಳೂವರೆ ಅಡಿಯಿಂದ ಎಂಟೂಕಾಲು ಅಡಿವರೆಗೆ ಇರುವುದು ಈ ಎರಡರ ನಡುವಿನ ರಾಜಿಯಿಂದಲೇ. ಎತ್ತರ ಕಡಿಮೆ ಇರುವವರು, ಭುಜದ ಶಕ್ತಿ ಕಡಿಮೆ ಇರುವವರು ಏಳೂವರೆ ಅಡಿಯದ್ದೇ ಆರಿಸಿಕೊಳ್ಳಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ದಾರದ ವಿಷಯದಲ್ಲಿ ಜಪಾನಿನ ಒಂದು ಅಳತೆ ಎಲ್ಲ ಕಡೆ ನಡೆಯುತ್ತದೆ. ಹೆಣೆದ ದಾರದ ಡಬ್ಬಿಯ ಮೇಲೆ 'ಪಿಇ 4', 'ಪಿಇ 8' ಎಂದು ಬರೆದಿರುತ್ತದೆ. ಇದು ಬಲದ ಅಳತೆ ಎಂದು ತುಂಬ ಜನ ತಿಳಿದಿದ್ದಾರೆ. ಇದು ದಪ್ಪದ ಅಳತೆ. ಒಂದೇ ಪಿಇ ಸಂಖ್ಯೆಯ ಎರಡು ಕಂಪನಿಯ ದಾರಗಳ ಬಲ ಬೇರೆ ಬೇರೆ ಇರಬಹುದು. ಹವಳದ ಮೇಲೆ ಜಿಟಿಗೆ ಪಿಇ 8, ಮೀನು ತೀರ ದೊಡ್ಡದಿರುವ ಜಾಗದಲ್ಲಿ ಪಿಇ 10. ಪಿಇ 8 ಸಾಮಾನ್ಯವಾಗಿ 100 ಪೌಂಡ್ ಆಸುಪಾಸು, ಅಂದರೆ ಸುಮಾರು 45 ಕೆ.ಜಿ. ತಡೆಯುತ್ತದೆ.

ಡ್ರ್ಯಾಗ್ 12 ಕೆ.ಜಿ. ಇಟ್ಟು 45 ಕೆ.ಜಿ.ಯ ದಾರ ಯಾಕೆ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಗಂಟು ಹಾಕಿದ ಜಾಗದಲ್ಲಿ ದಾರದ ಬಲ ಕುಗ್ಗುತ್ತದೆ. ನೂರಾರು ಸಲ ಎಸೆದು ಎಳೆದು ದಾರ ಸವೆಯುತ್ತದೆ. ಮೀನು ಕಚ್ಚಿ ಜಗ್ಗುವ ಮೊದಲ ಏಟು ಡ್ರ್ಯಾಗ್‌ನ ಲೆಕ್ಕಕ್ಕಿಂತ ಹೆಚ್ಚಿರುತ್ತದೆ. ಇವೆಲ್ಲ ಕಳೆದು ಉಳಿಯುವುದರ ಮೇಲೆ ನಮ್ಮ ಭರವಸೆ. ಸೇತುವೆ ಕಟ್ಟುವ ಎಂಜಿನಿಯರ್ ಕೂಡ ಇಂಥದ್ದೇ ಲೆಕ್ಕ ಹಾಕುತ್ತಾನೆ.

ಹೆಣೆದ ದಾರಕ್ಕೆ ಎಳೆತ ತಡೆಯುವ ಶಕ್ತಿ ಇದೆ, ಉಜ್ಜುವಿಕೆ ತಡೆಯುವ ಶಕ್ತಿ ಇಲ್ಲ. ಅದಕ್ಕೇ ತುದಿಗೆ 150ರಿಂದ 200 ಪೌಂಡ್‌ನ ದಪ್ಪ ನೈಲಾನ್ ಜೋಡಿಸುತ್ತೇವೆ. ಇದಕ್ಕೆ ಲೀಡರ್ ಎಂದು ಹೆಸರು. ಇದು ಸ್ವಲ್ಪ ಹಿಗ್ಗುತ್ತದೆ, ಮೊದಲ ಏಟನ್ನು ನುಂಗುತ್ತದೆ, ಹವಳಕ್ಕೆ ಒಂದೆರಡು ಸಲ ತಾಗಿದರೂ ಬದುಕುತ್ತದೆ. ಫ್ಲೋರೋಕಾರ್ಬನ್ ಒಳ್ಳೆಯದಲ್ಲವೇ ಎಂದು ಅಂಗಡಿಯವರು ಹೇಳಬಹುದು. ಅದು ನೀರಿನಲ್ಲಿ ಬೇಗ ಮುಳುಗುತ್ತದೆ, ಬಿರುಸಾಗಿಯೂ ಇರುತ್ತದೆ. ನೀರಿನ ಮೇಲೆ ತೇಲಬೇಕಾದ ಹುಸಿಮೀನಿನ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ನೈಲಾನೇ ಸಾಕು, ದುಡ್ಡೂ ಉಳಿಯುತ್ತದೆ.

ಎರಡನ್ನೂ ಜೋಡಿಸಲು 'ಎಫ್‌ಜಿ' ಎಂಬ ಗಂಟು ಕಲಿಯಿರಿ. ಹೆಣೆದ ದಾರವನ್ನು ನೈಲಾನಿನ ಸುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತುತ್ತಾ ಹೋಗುವ ಗಂಟು ಅದು. ನೈಲಾನಿನಲ್ಲಿ ಗಂಟೇ ಬೀಳುವುದಿಲ್ಲ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ, ತೆಳ್ಳಗಿರುವುದರಿಂದ ರಾಡ್‌ನ ಉಂಗುರಗಳಲ್ಲಿ ಸಲೀಸಾಗಿ ಜಾರುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಕಿಟಕಿಯ ಸರಳಿಗೆ ಕಟ್ಟಿ ಅಭ್ಯಾಸ ಮಾಡಬಹುದು. ಇದಕ್ಕೆ ಒಂದು ರೂಪಾಯಿಯೂ ಬೇಡ. ಬೋಟಿನಲ್ಲಿ ಕೆಲಸ ಕೇಳಿಕೊಂಡು ಬರುವ ಹುಡುಗರಿಗೆ ನಾವು ಮೊದಲು ಮಾಡಿಸುವ ಪರೀಕ್ಷೆ ಇದೇ, ಅದೂ ಬೋಟ್ ಅಲುಗಾಡುವಾಗ. ಪದವಿ ಪ್ರಮಾಣಪತ್ರವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಗಾಳ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಇದು, ಎಲ್ಲರೂ ಕೊನೆಗೆ ಯೋಚಿಸುವುದೂ ಇದನ್ನೇ. ಎಷ್ಟೋ ಹುಸಿಮೀನುಗಳು ಅಂಗಡಿಯಿಂದ ಬರುವಾಗಲೇ ಮೂರು ಕೊಕ್ಕೆಯ ಗಾಳ ಹೊತ್ತು ಬರುತ್ತವೆ. ಒಂದು ಕೊಕ್ಕೆ ದವಡೆಗೆ, ಇನ್ನೊಂದು ಕಣ್ಣಿನ ಹತ್ತಿರ, ಮತ್ತೊಂದು ಕಿವಿರಿಗೆ ಚುಚ್ಚಿಕೊಂಡ ಮೀನನ್ನು ಬಿಡಿಸುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ಅದನ್ನು ಕಿತ್ತು ದಪ್ಪ ತಂತಿಯ ಒಂಟಿ ಗಾಳ ಹಾಕಿ. ತುದಿಯ ಹಿಂದಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ ಎಂಬ ಹೆದರಿಕೆ ಬೇಡ, ದಾರ ಸಡಿಲ ಬಿಡದಿದ್ದರೆ ಸಾಕು. ಇನ್ನೊಂದು ಸ್ವಾರ್ಥದ ಕಾರಣವೂ ಇದೆ. ಗಾಳ ನಿಮ್ಮ ಅಂಗೈಗೇ ಚುಚ್ಚಿಕೊಳ್ಳುವ ದಿನ ಬರಬಹುದು. ಆಸ್ಪತ್ರೆ ಗಂಟೆಗಟ್ಟಲೆ ದೂರವಿರುವ ಜಾಗದಲ್ಲಿ ಮುಳ್ಳಿಲ್ಲದ ಗಾಳ ಹೋದ ದಾರಿಯಲ್ಲೇ ಹೊರಬರುತ್ತದೆ.

ಹುಸಿಮೀನಿನಲ್ಲಿ ಮುಖ್ಯವಾಗಿ ಎರಡು ಬಗೆ. ಬಾಯಿ ಬಟ್ಟಲಿನಂತೆ ತೋಡಿದ ಪಾಪ್ಪರ್ ನೀರನ್ನು ಚಿಮ್ಮಿಸಿ ಸದ್ದು ಮಾಡುತ್ತದೆ. ಉದ್ದನೆಯ ಸ್ಟಿಕ್‌ಬೈಟ್ ಸದ್ದಿಲ್ಲದೆ ಗಾಯಗೊಂಡ ಮೀನಿನಂತೆ ಓಲಾಡುತ್ತದೆ. ಅಲೆ ಒಡೆಯುವ ಅಂಚಿನಲ್ಲಿ, ಕದಡಿದ ನೀರಿನಲ್ಲಿ ಪಾಪ್ಪರ್ ಸರಿ. ಕನ್ನಡಿಯಂಥ ತಿಳಿನೀರು, ಎರಡೇ ಮೀಟರ್ ಆಳ ಇದ್ದಲ್ಲಿ ಅದರ ಸದ್ದಿಗೆ ಮೀನು ಬೆಚ್ಚುತ್ತದೆ, ಅಲ್ಲಿ ತೇಲುವ ಸ್ಟಿಕ್‌ಬೈಟ್ ಬೇಕು. ಮುಳುಗುವಂಥದ್ದು ಹವಳದ ಮೇಲೆ ಬೇಡವೇ ಬೇಡ. ಜಿಟಿಯ ದವಡೆ ಮರವನ್ನೂ ಪ್ಲಾಸ್ಟಿಕ್ಕನ್ನೂ ಪುಡಿ ಮಾಡಬಲ್ಲದು. ಆದ್ದರಿಂದ ಮೂತಿಯಿಂದ ಬಾಲದವರೆಗೆ ಒಂದೇ ಉಕ್ಕಿನ ತಂತಿ ಹಾದುಹೋಗಿರುವುದನ್ನೇ ಕೊಳ್ಳಿ. ಹತ್ತು ಬೇಡ, ಒಳ್ಳೆಯದು ಮೂರು ಸಾಕು.

ಈಗ ರೀಲ್. ಶಿಮಾನೊ ಸ್ಟೆಲ್ಲಾ, ಡೈವಾ ಸಾಲ್ಟಿಗಾ ಇವೆರಡರ ಹೆಸರು ಎಲ್ಲರ ಬಾಯಲ್ಲೂ ಇದೆ. ಜಿಟಿಗೆ ಹೊಂದುವ ಅಳತೆಯದ್ದು ಕೊಳ್ಳಲು ಹೋದರೆ ಬೆಲೆ ಲಕ್ಷ ದಾಟುತ್ತದೆ. ಅವು ಚೆನ್ನಾಗಿಲ್ಲ ಎಂದರೆ ಸುಳ್ಳಾದೀತು. ಆದರೆ ಮೊದಲ ಸಂಬಳದವರು ಇಎಂಐ ಹಾಕಿ ಅದನ್ನು ಕೊಂಡು, ಉಳಿದ ಚಿಲ್ಲರೆಯಲ್ಲಿ ಅಗ್ಗದ ದಾರ, ಅಗ್ಗದ ಗಾಳ ತರುವುದನ್ನು ನಾನು ಪ್ರತಿ ಹಂಗಾಮಿನಲ್ಲೂ ನೋಡುತ್ತೇನೆ. ಸರಪಳಿ ಮುರಿಯುವುದು ಅದರ ಅತಿ ದುರ್ಬಲ ಕೊಂಡಿಯಲ್ಲಿ. ಲಕ್ಷದ ರೀಲ್‌ಗೂ ಹುಸಿಮೀನಿನ ಗಾಳ ಹಿಡಿದಿರುವುದು ಬೆರಳುಗುರಿನಷ್ಟು ಉಕ್ಕಿನ ರಿಂಗ್ ಒಂದೇ. ಆ ರಿಂಗ್ 200 ಪೌಂಡ್ ತಡೆಯುವುದಿಲ್ಲವಾದರೆ ಮೇಲಿನದ್ದೆಲ್ಲ ಅಲಂಕಾರ.

ಮಧ್ಯಮ ಬೆಲೆಯ ರೀಲ್ ಆರಿಸಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗುಜರಿಯವರು ಬಳಸುವಂಥ ನೇತುಹಾಕುವ ತಕ್ಕಡಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಡ್ರ್ಯಾಗ್ 10 ಕೆ.ಜಿ.ಗೆ ಬಿಗಿಮಾಡಿ ದಾರವನ್ನು ತಕ್ಕಡಿಗೆ ಕಟ್ಟಿ ನಿಧಾನವಾಗಿ ಎಳೆಯಿರಿ. ಮುಳ್ಳು ಒಂದೇ ಜಾಗದಲ್ಲಿ ನಿಂತರೆ ರೀಲ್ ಒಳ್ಳೆಯದು. 14ಕ್ಕೆ ಹಾರಿ 8ಕ್ಕೆ ಬಿದ್ದರೆ ಬೇಡ, ಮೊದಲ ಏಟಿಗೇ ದಾರ ಕಡಿಯುತ್ತದೆ. ಸಾವಿರಾರು ಮೀಟರ್ ದಾರ ಹಿಡಿಸುವ ರೀಲ್‌ಗೆ ಹೆಚ್ಚು ದುಡ್ಡು ಕೊಡುವುದೂ ವ್ಯರ್ಥ. ಹವಳದ ಮೇಲೆ ನೂರು ಮೀಟರ್ ಓಡಿದ ಮೀನು ನಿಮ್ಮದಲ್ಲ ಎಂದೇ ಲೆಕ್ಕ. ಪಿಇ 8 ದಾರ 300 ಮೀಟರ್ ಹಿಡಿಸಿದರೆ ಬೇಕಾದಷ್ಟಾಯಿತು.

ಕಳೆದ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಬಂದ ತಂಡವೊಂದರಲ್ಲಿ ಒಬ್ಬರು ಪಿಇ 4ರ ರಾಡ್ ತಂದಿದ್ದರು. ಅದು ಬೇರೆ ಬಗೆಯ ಮೀನುಗಾರಿಕೆಗೆ ಒಳ್ಳೆಯ ಸಲಕರಣೆ. "ಇದ್ರಲ್ಲೇ ಹಿಡೀತೀನಿ, ಮಜಾ ಇರೋದೇ ಇದ್ರಲ್ಲಿ" ಎಂದರು. ಬೋಟಿನವರಿಗೆ ಅತಿಥಿಯೇ ದೇವರು, ಯಾರೂ ಬೇಡ ಎನ್ನಲಿಲ್ಲ. ಸಂಜೆಯೊಳಗೆ ಐದು ಮೀನು ಕಚ್ಚಿದವು. ಬೋಟಿಗೆ ಬಂದದ್ದು ಒಂದು. ಅದನ್ನು ಎಳೆದು ತರಲು ಅರ್ಧ ಗಂಟೆ ಹಿಡಿಯಿತು, ಬಿಟ್ಟಾಗ ಹೊಟ್ಟೆ ಮೇಲಾಗಿ ತಿರುಗಿತು. ಇಂಥ ಸುಸ್ತಾದ ಮೀನಿಗಾಗಿ ಸೊರ ಮೀನುಗಳು ಕಾದೇ ಇರುತ್ತವೆ. ಉಳಿದ ನಾಲ್ಕು ಎಲ್ಲಿ ಹೋದವೋ, ಬಾಯಲ್ಲಿ ಹುಸಿಮೀನು ಕಚ್ಚಿಕೊಂಡೇ ಹೋದವು. ಮರುದಿನ ಅದೇ ತಂಡದ ಒಬ್ಬ ವಿದ್ಯಾರ್ಥಿನಿ ಬೋಟಿನ ಹಳೆಯ, ಬಣ್ಣ ಕಿತ್ತುಹೋದ ಪಿಇ 8ರ ಸೆಟ್ ಕೇಳಿ ಪಡೆದರು. ಮೀನು ಕಚ್ಚಿದ ಕೂಡಲೇ ನಮ್ಮ ಚಾಲಕ ದಾದಾ ಬೋಟನ್ನು ಆಳದ ಕಡೆ ತಿರುಗಿಸಿದರು. ನಾಲ್ಕೈದು ನಿಮಿಷದಲ್ಲಿ ಮೀನು ಪಕ್ಕಕ್ಕೆ ಬಂತು, ಅಂದಾಜು ಇಪ್ಪತ್ತು ಕೆ.ಜಿ. ಒಂದು ಫೋಟೊ, ಇಕ್ಕಳ ಹಿಡಿದು ಒಂದು ತಿರುವು, ಮೀನು ಬಾಲ ಬೀಸಿ ನನ್ನ ಮುಖಕ್ಕೆಲ್ಲ ನೀರು ಎರಚಿ ಹೋಯಿತು. ಆಕೆಯ ಕೈ ಹೊತ್ತು ಮುಳುಗುವವರೆಗೂ ನಡುಗುತ್ತಿತ್ತು. ಮಜಾ ಕಡಿಮೆಯಾಯಿತು ಎಂದು ಆಕೆ ಹೇಳಿದ್ದು ನಾನಂತೂ ಕೇಳಲಿಲ್ಲ.

ಇಷ್ಟೆಲ್ಲ ಮಾಡಿ ಬಿಟ್ಟುಬಿಡುವುದಾದರೆ ಹಿಡಿಯುವುದೇಕೆ? ನಮ್ಮಮ್ಮನ ಪ್ರಶ್ನೆ ಇದು. "ಹಿಡ್ದ್ ಮೀನ್ ಬಿಡುಕೆ ಅಷ್ಟ್ ದೂರ ಹೋಯ್ಕಾ ಮಗಾ?" ಮೀನು ಮಾರಿ ಮನೆ ನಡೆಸಿದವರ ಬಾಯಿಂದ ಬಂದ ಪ್ರಶ್ನೆ, ನಗುವುದಕ್ಕೆ ಆಗುವುದಿಲ್ಲ. ಅದಕ್ಕೆ ನನ್ನಲ್ಲಿ ಪೂರ್ತಿ ಒಪ್ಪುವಂಥ ಉತ್ತರವೂ ಇಲ್ಲ. ಮನುಷ್ಯನ ಸಂತೋಷಕ್ಕೆ ಮೀನಿಗೆ ನೋವು ಕೊಡುತ್ತಿದ್ದೇವೆ ಎಂಬುದು ನಿಜ. ಆದರೆ ಬದುಕಿ ಹೋದ ಒಂದು ಜಿಟಿಯ ಹಿಂದೆ ಚಾಲಕನ ಸಂಬಳ, ಅಡುಗೆಯವರ ಸಂಬಳ, ಎಂಜಿನ್ ರಿಪೇರಿಯವರ ಸಂಬಳ, ನನ್ನ ಸಂಬಳ ಇವೆ. ಸತ್ತರೆ ಅದು ಒಂದು ದಿನದ ಸಾರು. ದೊಡ್ಡ ಮೀನು ಮತ್ತೆ ಬೆಳೆಯಲು ವರ್ಷಗಳು ಬೇಕು. ನೋವು ಕೊಡುವುದೇ ಆದರೆ ಐದು ನಿಮಿಷದಲ್ಲಿ ಮುಗಿಸುವ ಸಲಕರಣೆ ತರಬೇಕು ಎಂಬುದಷ್ಟೇ ನನ್ನ ವಾದ.

ಇದನ್ನು ಗ್ರಾಹಕನ ಇಷ್ಟಕ್ಕೆ ಬಿಡಬಾರದು. ಸೇಶೆಲ್ಸ್‌ನ ಕೆಲವು ಹವಳದ್ವೀಪಗಳಲ್ಲಿ ಮುಳ್ಳಿಲ್ಲದ ಗಾಳವೇ ಆಗಬೇಕು, ಹಿಡಿದದ್ದನ್ನು ಬಿಡಲೇಬೇಕು ಎಂಬ ನಿಯಮವಿದೆ. ಅಲ್ಲಿಗೆ ಹೋಗುವವರು ಕಡಿಮೆಯಾಗಿಲ್ಲ. ನಮ್ಮಲ್ಲೂ ಬೋಟ್ ನಡೆಸುವವರು ಮುಂಗಡ ತೆಗೆದುಕೊಳ್ಳುವ ದಿನವೇ ಹೇಳಬೇಕು: ಹವಳದ ಮೇಲೆ ಪಿಇ 8ಕ್ಕಿಂತ ಕಡಿಮೆ ಇಲ್ಲ, ಮೂರು ಕೊಕ್ಕೆ ಇಲ್ಲ, ಸಲಕರಣೆ ಇಲ್ಲದವರಿಗೆ ಬಾಡಿಗೆಗೆ ಕೊಡುತ್ತೇವೆ ಎಂದು. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಂಥ ಕಡೆ ಗಾಳವನ್ನೇ ಹಾಕುವಂತಿಲ್ಲ, ಅದರ ಗಡಿ ಎಲ್ಲಿದೆ ಎಂಬುದು ಬೋಟಿನವರಿಗೆ ಬಾಯಿಪಾಠ ಆಗಿರಬೇಕು. ಮುರುಡೇಶ್ವರದಿಂದ ಕಾಣುವ ನೇತ್ರಾಣಿಯ ಸುತ್ತಲೂ ಹವಳವಿದೆ, ಡೈವಿಂಗ್‌ಗೆ ಬರುವವರ ಸಂಖ್ಯೆ ಕಡಿಮೆಯೇನಿಲ್ಲ. ನಮ್ಮ ಕರಾವಳಿಯಲ್ಲೂ ಗಾಳದ ಪ್ರವಾಸೋದ್ಯಮ ಬರಲಿ, ಹುಡುಗರಿಗೆ ಊರಲ್ಲೇ ಕೆಲಸ ಸಿಗಲಿ ಎಂಬ ಆಸೆ ನನಗೂ ಇದೆ. ಬರುವಾಗಲೇ ಈ ನಿಯಮಗಳ ಜೊತೆ ಬಂದರೆ ಆಮೇಲೆ ಜಗಳವಾಡುವುದು ತಪ್ಪುತ್ತದೆ.

ಡಿಸೆಂಬರ್‌ನಲ್ಲಿ ಹೊಸ ಹಂಗಾಮು. ಗಂಗೊಳ್ಳಿಯ ಇಬ್ಬರು ಹುಡುಗರು ಕೆಲಸ ಕಲಿಯಲು ನಮ್ಮ ಬೋಟಿಗೆ ಬರುತ್ತಿದ್ದಾರೆ. ರೀಲ್ ತರಬೇಡಿ, ಬೋಟಿನಲ್ಲಿದೆ ಎಂದಿದ್ದೇನೆ. ತರಬೇಕಾದ್ದು ಉದ್ದ ಮೂತಿಯ ಒಂದು ಇಕ್ಕಳ, ಒಂದು ನೇತಾಡುವ ತಕ್ಕಡಿ, ಒಂದು ಜೊತೆ ಕೈಗವಸು. ಎಫ್‌ಜಿ ಗಂಟನ್ನು ಕಣ್ಣು ಮುಚ್ಚಿ ಹಾಕಲು ಕಲಿತುಕೊಂಡು ಬರುತ್ತೇವೆ ಎಂದು ಇಬ್ಬರೂ ಮಾತು ಕೊಟ್ಟಿದ್ದಾರೆ.